ಒಣ ಸುರಂಗದ ವೈನು

ಜತ್ತಪ್ಪ ದೇವನಹಳ್ಳಿ ಕಡೆಯಿಂದ ಕನ್ಯಾನಕ್ಕೆ ಮರಳಿ ಬಂದಾಗ ಅವನ ಹೆಗಲ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳ ಒಂದು ಕಟ್ಟಿತ್ತು. ಅಲ್ಲಿ ಒಬ್ಬ ಸಾಹುಕಾರರ ದ್ರಾಕ್ಷಿ ತೋಟದಲ್ಲಿ ಅವನು ಕೆಲವು ವರ್ಷ ದುಡಿದಿದ್ದ. ತಾಯಿ ಸೇಸಮ್ಮ ಕಟ್ಟನ್ನು ಬಿಚ್ಚಿ ನೋಡಿ, “ಇದೆಂತದು ಮಗಾ, ನಮ್ಮಲ್ಲಿ ಸೌದೆ ಇಲ್ಲವಾ?” ಎಂದಿದ್ದಳು. ಅವು ಬೆಂಗಳೂರು ನೀಲಿ ಎಂಬ ದ್ರಾಕ್ಷಿಯ ಬಳ್ಳಿಯ ತುಂಡುಗಳು. ಬೇರೆ ದ್ರಾಕ್ಷಿಗಳೆಲ್ಲ ನಮ್ಮ ಮಳೆಗೆ ಎಲೆ ಕೊಳೆತು ಸಾಯುತ್ತವೆ, ಈ ಜಾತಿ ಹೇಗಾದರೂ ತಾಳಿಕೊಳ್ಳುತ್ತದೆ ಎಂದು ಅವನು ನಂಬಿದ್ದ. ನೆಟ್ಟದ್ದರಲ್ಲಿ ಮೂರು ಬಳ್ಳಿ ಬದುಕಿದವು.

ದಮಯಂತಿ ಆ ಮನೆಗೆ ಮದುವೆಯಾಗಿ ಬರುವಷ್ಟರಲ್ಲಿ ಹಿತ್ತಿಲ ಚಪ್ಪರದ ತುಂಬ ಬಳ್ಳಿ ಹಬ್ಬಿತ್ತು. ಮಾರ್ಚ್ ಕಳೆದು ಸೆಕೆ ಏರುತ್ತಿದ್ದಂತೆ ಗೊಂಚಲುಗಳು ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ನೀಲಿಗಪ್ಪಿಗೆ ತಿರುಗುತ್ತಿದ್ದವು. ಹಣ್ಣಿನ ಮೇಲೆ ಬೂದಿ ಸವರಿದಂತೆ ತೆಳ್ಳಗೆ ಒಂದು ಬಿಳುಪು. ಬೆರಳಲ್ಲಿ ಒತ್ತಿದರೆ ದಪ್ಪ ಸಿಪ್ಪೆ ಕೈಯಲ್ಲೇ ಉಳಿದು ಒಳಗಿನ ತಿರುಳು ಜಾರಿ ನಾಲಿಗೆಗೆ ಬೀಳುತ್ತಿತ್ತು. ಸಿಪ್ಪೆಯ ಬದಿ ಸಿಹಿ, ಬೀಜದ ಬದಿ ಹುಳಿ. ಪರಿಮಳ ಮಾತ್ರ ರುಚಿಗಿಂತ ಹೆಚ್ಚು. ಹಣ್ಣು ಮಾಗಿದಾಗ ಕೆಳಗಿನ ದಾರಿಯಲ್ಲಿ ಹೋಗುವವರು ಮೂಗು ಎತ್ತಿ ನಿಲ್ಲುತ್ತಿದ್ದರು, ಆದರೆ ತಿನ್ನಲು ಕೊಟ್ಟರೆ ಎರಡನೇ ಸಲ ಯಾರೂ ಕೈಚಾಚುತ್ತಿರಲಿಲ್ಲ.

“ಇದು ತಿನ್ನುವ ಹಣ್ಣಲ್ಲ ಮಾರಾಯ್ತಿ,” ಎಂದು ಜತ್ತಪ್ಪ ಹೆಂಡತಿಗೆ ಹೇಳಿದ್ದ. “ಇದರ ಬಣ್ಣ ಎಲ್ಲ ಸಿಪ್ಪೆಯಲ್ಲಿ ಉಂಟು. ಹಿಂಡಿ ಸಿಪ್ಪೆಯೊಟ್ಟಿಗೆ ಕೊಳೆಯಲು ಬಿಟ್ಟರೆ ಆಮೇಲೆ ನೋಡಬೇಕು ನೀನು.”

ಹಿಂದಿನ ವರ್ಷ ಅವನು ಒಂದು ಸಣ್ಣ ಭರಣಿಯಲ್ಲಿ ವೈನು ಮಾಡಿದ್ದ. ಹೊಸದರಲ್ಲಿ ಅದು ಹಲ್ಲು ಜುಮ್ಮೆನ್ನುವಷ್ಟು ಹುಳಿಯಿತ್ತಂತೆ. ಸಕ್ಕರೆ ಸೇರಿಸಿ ಇಟ್ಟ ಮೇಲೆ ಮೆದುವಾಯಿತು. ಬಟ್ಟೆಯಲ್ಲಿ ಸೋಸುವಾಗ ಅದರ ಗಾಢ ಕೆಂಪು ದಮಯಂತಿಯ ಸೀರೆಗೆ ಹತ್ತಿ, ಎಷ್ಟು ಒಗೆದರೂ ಹೋಗಲಿಲ್ಲ. ಅದರಲ್ಲಿ ಒಂದು ಬಾಟ್ಲಿ ಬಂಟ್ವಾಳದ ಕಾರ್ಮಿನ್ ಬಾಯಮ್ಮನ ಮನೆ ಸೇರಿತ್ತು. ಕಾರ್ಮಿನ್ ಬಾಯಮ್ಮ ಕ್ರೈಸ್ತರ ಮದುವೆಗಳಿಗೆ ಕೇಕು ಮಾಡಿಕೊಡುವ ಹೆಂಗಸು, ಜತ್ತಪ್ಪನಿಗೆ ಹಳೆಯ ಗುರುತು. ಈಗ ಅವಳ ಮಗಳಿಗೇ ಮೇ ಕೊನೆಯಲ್ಲಿ ಮದುವೆ. ಊಟಕ್ಕೆ ಮೊದಲು ಎಲ್ಲರೂ ವೈನಿನ ಲೋಟ ಎತ್ತಿ ಮದುಮಕ್ಕಳನ್ನು ಹಾರೈಸುವ ಕ್ರಮ ಅವರಲ್ಲಿ. ಅವಳು ದೊಡ್ಡ ಭರಣಿಗಳನ್ನೂ ಸಕ್ಕರೆಯನ್ನೂ ಎತ್ತಿನ ಗಾಡಿಯಲ್ಲಿ ಕಳಿಸಿಕೊಟ್ಟಿದ್ದಳು.

ಅದು ಐವತ್ತೊಂಬತ್ತನೆಯ ಇಸವಿ. ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಶೇಂದಿ, ಸಾರಾಯಿ, ವೈನು ಯಾವುದನ್ನು ಮಾಡಿದರೂ ಜೈಲು. ಮಾರ್ಚ್ ತಿಂಗಳಲ್ಲಿ ವಿಟ್ಲದ ಸಂತೆಗೆ ಹೋದಾಗ ದಮಯಂತಿ ಕಣ್ಣಾರೆ ನೋಡಿದ್ದಳು. ಗುಡ್ಡದ ಆಚೆ ಸಾರಾಯಿ ಕಾಸುತ್ತಿದ್ದ ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ, ಸಂತೆಯ ನಡುವಿನಿಂದಲೇ ನಡೆಸಿಕೊಂಡು ಹೋಗಿ ಜೀಪಿಗೆ ಹತ್ತಿಸಿದರು. ಅವನ ಹೆಂಡತಿ ಜೀಪಿನ ಹಿಂದೆ ಸ್ವಲ್ಪ ದೂರ ಓಡಿ, ಆಮೇಲೆ ದಾರಿಯಲ್ಲೇ ಕುಳಿತುಬಿಟ್ಟಳು. ಯಾರೂ ಅವಳ ಹತ್ತಿರ ಹೋಗಲಿಲ್ಲ. ದಮಯಂತಿಯೂ ಹೋಗಲಿಲ್ಲ.

“ನಮಗೆ ಬೇಡ ಇದು,” ಎಂದು ಅವಳು ಗಂಡನಿಗೆ ಹೇಳಿದಳು. “ಹಣ್ಣನ್ನೇ ಕೊಟ್ಟುಬಿಡುವ. ಅವರಿಗೆ ಬೇಕಾದ್ದು ಅವರು ಮಾಡಿಕೊಳ್ಳಲಿ.”

“ಅವರ ಮನೆ ಪೇಟೆಯ ನಡುವೆ ಉಂಟು. ಪರಿಮಳ ಬಂದರೆ ಗೊತ್ತಾಗುವುದಿಲ್ಲವಾ? ಇಲ್ಲಿ ಯಾರು ಬರ್ತಾರೆ?”

“ಇಲ್ಲಿಯೂ ಪರಿಮಳ ಬರ್ತದೆ.”

“ಮನೆಯಲ್ಲಿ ಇಟ್ಟರೆ ಅಲ್ವಾ ಬರುವುದು?” ಎಂದ ಜತ್ತಪ್ಪ. “ಸುರಂಗದಲ್ಲಿ ಇಡ್ತೇನೆ.”

ಸುರಂಗ ಎಂಬ ಮಾತು ಕೇಳಿ ಅಡುಗೆಮನೆಯಲ್ಲಿದ್ದ ಸೇಸಮ್ಮ ಹೊರಗೆ ಬಂದಳು. ಬಾಗಿಲ ದಾರಂದ ಹಿಡಿದು ನಿಂತಳು.

ಮನೆಯ ಹಿಂದಿನ ಗುಡ್ಡದಲ್ಲಿ ಆ ಸುರಂಗ ಇತ್ತು. ಆ ಸೀಮೆಯಲ್ಲಿ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆದುಕೊಂಡು ಹೋಗುವುದು ರೂಢಿ. ಜತ್ತಪ್ಪನ ತಂದೆಯ ಕಾಲದಲ್ಲಿ ನೆರೆಮನೆಯ ಅಬ್ದುಲ್ ಸಮದ್ ಮತ್ತು ಅವನ ತಮ್ಮ ಇದ್ದಿನಬ್ಬ ಸೇರಿ ಅದನ್ನು ಕೊರೆಯುತ್ತಿದ್ದರು. ನೀರು ಕಾಣುವ ಮೊದಲೇ ಮೇಲಿನ ಮಣ್ಣು ಕುಸಿದು ಇದ್ದಿನಬ್ಬ ಒಳಗೇ ಸತ್ತ. ಹೆಣ ತೆಗೆಯಲು ಒಂದು ಹಗಲು ಬೇಕಾಯಿತು. ಆಮೇಲೆ ಸಮದ್ ಸುರಂಗದ ಕೆಲಸವನ್ನೇ ಬಿಟ್ಟ, ಆ ಮನೆಯ ಅಂಗಳಕ್ಕೂ ಕಾಲಿಡಲಿಲ್ಲ. ಜಗಳ ಏನೂ ಇರಲಿಲ್ಲ. ಅವನ ಹೆಂಡತಿ ಬೀಪಾತುಮ್ಮ ಬೇಲಿಯ ಹತ್ತಿರ ನಿಂತು ದಮಯಂತಿಯೊಡನೆ ಕಷ್ಟಸುಖ ಮಾತಾಡುತ್ತಿದ್ದಳು. ಸಮದ್ ಮಾತ್ರ ಆ ಬದಿಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಸೇಸಮ್ಮನಂತೂ ಸಂಜೆಯಾದ ಮೇಲೆ ಗುಡ್ಡದ ಕಡೆ ಕಣ್ಣೆತ್ತುತ್ತಿರಲಿಲ್ಲ. ಅಕಾಲದಲ್ಲಿ ಸತ್ತವನು ಸತ್ತ ಜಾಗ ಬಿಡುವುದಿಲ್ಲ ಎಂದು ಅವಳ ನಂಬಿಕೆ.

ಮಳೆನೀರು ನುಗ್ಗದ ಹಾಗೆ, ದನಗಳು ಒಳಹೋಗದ ಹಾಗೆ ಸುರಂಗದ ಬಾಯಿಗೆ ಅಡ್ಡವಾಗಿ ಎದೆಮಟ್ಟದ ಒಂದು ಮಣ್ಣಿನ ಕಟ್ಟ ಹಾಕಿಟ್ಟಿದ್ದರು. ಜತ್ತಪ್ಪ ಭರಣಿಗಳನ್ನು ಅದರ ಮೇಲಿನಿಂದ ದಾಟಿಸಿ ಒಳಗೆ ಸಾಲಾಗಿ ಇಟ್ಟ. ಹೊರಗಿನಿಂದ ಕಾಣಬಾರದೆಂದು ಕಟ್ಟದ ಮೇಲಿನ ತೆರಪಿಗೆ ತೆಂಗಿನ ಮಡಲು ಹೆಣೆದು ಮುಚ್ಚಿದ.

ಹಣ್ಣು ಹಿಸುಕಿದ್ದು ದಮಯಂತಿ. ಬೇಡ ಎಂದವಳೇ ಕೊನೆಗೆ ಕೈ ಹಾಕಿದಳು, ಯಾಕೆಂದರೆ ಒಬ್ಬನಿಂದ ಮುಗಿಯುವ ಕೆಲಸವಲ್ಲ. ಮೊಣಕೈವರೆಗೆ ಕೈ ನೀಲಿಯಾಯಿತು. ಸೀಗೆಪುಡಿ ಹಾಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಉಗುರಿನ ಸಂದಿಯ ಬಣ್ಣ ಹೋಗಲೇ ಇಲ್ಲ. ಆ ವಾರ ಕನ್ಯಾನದ ಅಂಗಡಿಗೆ ಹೋದಾಗ ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಉಪ್ಪಿನ ಪೊಟ್ಟಣ ತೆಗೆದುಕೊಂಡಳು. ಅಂಗಡಿಯವನು, “ಕೈಗೆ ಎಂತ ಆಯ್ತು?” ಎಂದು ಕೇಳಿದ. “ಸುಟ್ಟಿತು,” ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ಹಿಂದೆ ಯಾರೋ ಬರುತ್ತಿದ್ದಾರೆ ಎನ್ನಿಸಿ ಮೂರು ನಾಲ್ಕು ಸಲ ತಿರುಗಿ ನೋಡಿದಳು.

ರಸ ಹುದುಗಿ ಏಳಲು ಶುರುವಾಯಿತು. ಸಿಪ್ಪೆಗಳು ಮೇಲೆ ತೇಲಿ ದಪ್ಪ ಕೆನೆಯಂತೆ ಕಟ್ಟುತ್ತಿದ್ದವು. ಅವನ್ನು ಬೆಳಿಗ್ಗೆ ಸಂಜೆ ಮರದ ಉದ್ದ ಸೌಟಿನಿಂದ ಒತ್ತಿ ಮುಳುಗಿಸಬೇಕು, ಇಲ್ಲದಿದ್ದರೆ ಹುಳಿತು ಹಾಳಾಗುತ್ತದೆ. ಒಂದು ಸಂಜೆ ದಮಯಂತಿಯೂ ಗಂಡನ ಜೊತೆ ಕಟ್ಟದವರೆಗೆ ಹೋದಳು. ಒಳಗಿನಿಂದ ಸದ್ದು ಬರುತ್ತಿತ್ತು. ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಳ್ಳುವ ಹಾಗೆ, ಸಣ್ಣಗೆ, ನಿಲ್ಲದೆ.

“ಗುಳ್ಳೆ ಒಡೆಯುವ ಶಬ್ದ ಅದು,” ಎಂದು ಜತ್ತಪ್ಪ ನಕ್ಕ.

ಅವಳು ಅದನ್ನು ಅತ್ತೆಗೆ ಹೇಳಬಾರದಿತ್ತು. ಹೇಳಿದಳು. ಸೇಸಮ್ಮ ಅಕ್ಕಿ ಆರಿಸುವ ಕೈ ನಿಲ್ಲಿಸಿ, “ಉಸಿರಾ?” ಎಂದು ಮೆಲ್ಲಗೆ ಕೇಳಿದಳು. “ಆ ಹುಡುಗ ಉಸಿರು ಕಟ್ಟಿಯೇ ಸತ್ತದ್ದಲ್ವಾ?” ಅಂದಿನಿಂದ ಮನೆಯಲ್ಲಿ ಇಬ್ಬರು ಹೆಂಗಸರೂ ಆ ಸದ್ದನ್ನು ಕೇಳಿಸಿಕೊಳ್ಳತೊಡಗಿದರು. ಸುರಂಗ ಅಷ್ಟು ದೂರದಲ್ಲಿದ್ದರೂ ಒಲೆಯ ಮುಂದೆ ಕುಳಿತವರಿಗೆ ಅದು ಕೇಳುತ್ತಿತ್ತು.

ಆಮೇಲೆ ಜತ್ತಪ್ಪನಿಗೆ ತಲೆನೋವು ಶುರುವಾಯಿತು. ಸುರಂಗದಿಂದ ಬಂದು ಜಗಲಿಯಲ್ಲಿ ಕುಳಿತು ಹಣೆ ಒತ್ತಿಕೊಳ್ಳುತ್ತಿದ್ದ. ನೆಲದ ಮೇಲಿಟ್ಟ ಚಿಮಿಣಿ ದೀಪ ಎರಡು ಸಲ ತಾನಾಗಿ ನಂದಿತು ಎಂದ.

“ಗಾಳಿಗೆ ಇರಬೇಕು,” ಎಂದ ಅವನೇ.

“ಮಡಲು ಮುಚ್ಚಿದ ಸುರಂಗದೊಳಗೆ ಎಲ್ಲಿಯ ಗಾಳಿ?” ಎಂದಳು ದಮಯಂತಿ.

ಮರುದಿನ ಅವನು ಸುರಂಗದ ಗೋಡೆಯಲ್ಲಿ, ತಲೆಗಿಂತ ಎತ್ತರಕ್ಕೆ, ಮುರಮಣ್ಣು ಕೆತ್ತಿ ಒಂದು ಗೂಡು ಮಾಡಿದ. ದೀಪ ಅಲ್ಲಿಟ್ಟರೆ ನಂದಲಿಲ್ಲ. ಅವನಿಗೆ ಸಮಾಧಾನವಾಯಿತು. ದೇವನಹಳ್ಳಿಯಲ್ಲಿ ರಸ ಏಳಿಸುತ್ತಿದ್ದದ್ದು ನಾಲ್ಕೂ ಬದಿ ತೆರೆದ ದೊಡ್ಡ ಕೊಟ್ಟಿಗೆಯಲ್ಲಿ. ಏಳುವ ರಸದಿಂದ ಹೊರಬರುವ ಗಾಳಿ ಭಾರವಾಗಿ ಕೆಳಗೇ ನಿಲ್ಲುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಅದು ನಿಲ್ಲಲು ಜಾಗವೇ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಗಂಜಿ ಉಂಡು ಸೌಟು ಹಿಡಿದು ಹೋದ. ದಮಯಂತಿ ಪಾತ್ರೆ ತೊಳೆದಳು. ಹಟ್ಟಿಗೆ ಹೋಗಿ ದನಕ್ಕೆ ನೀರಿಟ್ಟಳು. ಚಪ್ಪರದ ಕೆಳಗೆ ಉದುರಿದ ಎಲೆ ಗುಡಿಸಿದಳು. ಗುಡಿಸುತ್ತಿದ್ದ ಹಾಗೇ ಅವಳ ಕೈ ನಿಂತಿತು. ಇಷ್ಟು ಹೊತ್ತು ಬೇಕಾ?

ಪೊರಕೆ ಅಲ್ಲೇ ಬಿಟ್ಟು ಗುಡ್ಡ ಹತ್ತಿದಳು. ಮಡಲು ಒಂದು ಬದಿಗೆ ಸರಿದಿತ್ತು. ಒಳಗೆ ಗೂಡಿನಲ್ಲಿ ದೀಪ ಚೆನ್ನಾಗಿ ಉರಿಯುತ್ತಿತ್ತು.

“ಇವರೇ,” ಎಂದು ಕರೆದಳು. “ಕೇಳ್ತದಾ?”

ಗುಳ್ಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಕಟ್ಟದ ಮೇಲೆ ಹೊಟ್ಟೆ ಊರಿ ಬಗ್ಗಿ ನೋಡಿದಳು. ಜತ್ತಪ್ಪ ಎರಡು ಭರಣಿಗಳ ನಡುವೆ ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು. ಸೌಟು ಅವನ ಎದೆಯ ಮೇಲೆ ಅಡ್ಡ ಬಿದ್ದಿತ್ತು. ಇನ್ನೂ ಸ್ವಲ್ಪ ಬಗ್ಗಿ ಕೈ ಚಾಚಿದಳು. ಗೋಲಿ ಸೋಡ ಕುಡಿದಾಗ ಏರುವಂಥ ಒಂದು ಚುಚ್ಚು ಮೂಗಿನೊಳಗೆ ಸರ್ರನೆ ಏರಿತು. ಕಣ್ಣಲ್ಲಿ ನೀರು ಬಂತು. ಉಸಿರೆಳೆದರೆ ಎದೆಗೆ ಏನೂ ಸಿಗಲಿಲ್ಲ. ತಲೆ ತಿರುಗಿ ಅವಳು ಹಿಂದಕ್ಕೆ, ಹೊರಗಿನ ನೆಲಕ್ಕೆ ಬಿದ್ದಳು.

ಎದ್ದು ಕುಳಿತಾಗ ಬೊಬ್ಬೆ ಹಾಕಬೇಕೆಂದು ಬಾಯಿ ತೆರೆದಳು. ಆಗ ವಿಟ್ಲದ ಸಂತೆಯ ಆ ಹೆಂಗಸು, ದಾರಿಯಲ್ಲಿ ಕುಳಿತುಬಿಟ್ಟವಳು, ಕಣ್ಣ ಮುಂದೆ ಬಂದಳು. ಬೊಬ್ಬೆ ಹಾಕಿದರೆ ಜನ ಬರುತ್ತಾರೆ. ಜನ ಬಂದರೆ ಭರಣಿ ನೋಡುತ್ತಾರೆ. ಸೊಂಟಕ್ಕೆ ಹಗ್ಗ, ಜೀಪು. ಬಾಯಿ ತೆರೆದಂತೆಯೇ ಇತ್ತು, ಸ್ವರ ಹೊರಡಲಿಲ್ಲ. ಒಳಗೆ ಗುಳ್ಳೆಗಳು ಒಡೆಯುತ್ತಿದ್ದವು.

ಆಮೇಲೆ ಅವಳು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಕೆಳಗಿನ ಗದ್ದೆಯ ಕೊಕ್ಕರೆಗಳು ಎದ್ದು ಹಾರಿದವು.

ಮೊದಲು ಬಂದದ್ದು ಸೇಸಮ್ಮ. ಮಗನನ್ನು ನೋಡಿದವಳೇ ಸೊಸೆಯ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಹಿಡಿದುಕೊಂಡಳು. “ಆ ಸತ್ತವನೇ ಹಿಡಿದದ್ದು. ನೀನು ಹೋಗಬೇಡ, ನಿನ್ನನ್ನೂ ಹಿಡಿತಾನೆ. ದೀಪ ನೋಡು, ಉರೀತಾ ಉಂಟು. ಗಾಳಿ ಕೆಟ್ಟದ್ದಾದರೆ ದೀಪ ನಂದಬೇಕಿತ್ತು. ಇದು ಅವನೇ.”

ದಮಯಂತಿಗೂ ಹಾಗೇ ಅನ್ನಿಸಿತು. ದೀಪದ ಆ ನೆಟ್ಟಗಿನ ಜ್ವಾಲೆಯಷ್ಟು ಹೆದರಿಕೆ ಹುಟ್ಟಿಸುವುದನ್ನು ಅವಳು ಹಿಂದೆ ಕಂಡಿರಲಿಲ್ಲ. ಕೆಳಗೆ ಮನುಷ್ಯ ಸಾಯುತ್ತಿದ್ದಾನೆ, ಮೇಲೆ ಅದು ಏನೂ ಆಗದಂತೆ ಉರಿಯುತ್ತಿದೆ.

ಅಷ್ಟರಲ್ಲಿ ಬೇಲಿ ಮುರಿದ ಸದ್ದಾಯಿತು. ಅಬ್ದುಲ್ ಸಮದ್ ಓಡಿ ಬರುತ್ತಿದ್ದ, ಹಿಂದಿನಿಂದ ಬೀಪಾತುಮ್ಮ. ಸುರಂಗದ ಬಾಯಿಯ ಎದುರು ಬಂದದ್ದೇ ತಡ, ಹಗ್ಗ ಎಳೆದು ನಿಲ್ಲಿಸಿದ ಎತ್ತಿನಂತೆ ಅವನು ನಿಂತುಬಿಟ್ಟ.

“ಸಮದಣ್ಣ, ಇವರು ಒಳಗೆ ಬಿದ್ದಿದ್ದಾರೆ,” ಎಂದಳು ದಮಯಂತಿ. “ಒಳಗೆ ಭರಣಿಯಲ್ಲಿ ದ್ರಾಕ್ಷಿ ಕೊಳೀತಾ ಉಂಟು. ವೈನು.” ಹೇಳಿಬಿಟ್ಟಳು. ಇನ್ನು ಮುಚ್ಚಿಡುವುದೇನೂ ಇರಲಿಲ್ಲ.

ಸಮದ್ ಕಟ್ಟದ ಮೇಲಿನಿಂದ ಇಣುಕಿದ. ದೀಪ ನೋಡಿದ. “ದೀಪ ಉರೀತದಲ್ಲ ತಂಗಿ,” ಎಂದ. “ದೀಪ ಉರೀತಾ ಇದ್ದರೆ ಒಳಗೆ ಗಾಳಿ ಉಂಟು ಅಂತ ಲೆಕ್ಕ. ಮತ್ತೆ ಹೇಗೆ ಬಿದ್ದ?”

ಬೀಪಾತುಮ್ಮ ಒಂದು ಒಣ ಮಡಲಿನ ಗರಿ ಮುರಿದು ಬೆಂಕಿಕಡ್ಡಿ ಗೀರಿ ಹೊತ್ತಿಸಿ ಕೊಟ್ಟಳು, ಜತ್ತಪ್ಪನ ಮುಖ ಸರಿಯಾಗಿ ಕಾಣಲಿ ಎಂದು. ದಮಯಂತಿ ಉಸಿರು ಬಿಗಿಹಿಡಿದು ಬಗ್ಗಿ ಅದನ್ನು ಕಟ್ಟದ ಒಳಗೆ ಇಳಿಸಿದಳು. ಅಂಚಿಗಿಂತ ಒಂದು ಗೇಣು ಕೆಳಗೆ ಹೋದದ್ದೇ, ನೀರಲ್ಲಿ ಅದ್ದಿದ ಹಾಗೆ ಬೆಂಕಿ ನಂದಿತು. ಹೊಗೆ ಮೇಲೇರದೆ ಅಲ್ಲೇ ಹಾಸಿದಂತೆ ನಿಂತಿತು. ಇನ್ನೊಂದು ಗರಿ ಹೊತ್ತಿಸಿದರು. ಅದೂ ಅದೇ ಜಾಗದಲ್ಲಿ ನಂದಿತು.

ಅವಳು ಆ ಹೊಗೆಯನ್ನೇ ನೋಡಿದಳು. ಕೆರೆಯ ಮೇಲೆ ಪಾಚಿ ಹಾಸಿದ ಹಾಗೆ ಅದು ಕಟ್ಟದ ಅಂಚಿಗೆ ಸಮನಾಗಿ ಹರಡಿಕೊಂಡಿತ್ತು.

“ಕೆಟ್ಟ ಗಾಳಿ ನೀರಿನ ಹಾಗೆ ನಿಂತಿದೆ,” ಎಂದಳು. “ಸಮದಣ್ಣ, ಕಟ್ಟ ಒಡೆಯುವ. ಕಟ್ಟ ಒಡೆದರೆ ಹರಿದು ಹೋಗ್ತದೆ!”

ಸೇಸಮ್ಮ ಅಳುತ್ತ ಕೊಟ್ಟಿಗೆಗೆ ಓಡಿ ಪಿಕ್ಕಾಸು ತಂದಳು. ವರ್ಷಗಳ ನಂತರ ಸಮದ್ ಪಿಕ್ಕಾಸು ಹಿಡಿದದ್ದು ಅಂದೇ. ಒಣಗಿ ಕಲ್ಲಿನಂತಾಗಿದ್ದ ಮಣ್ಣಿಗೆ ಅವನು ಮೊದಲ ಪೆಟ್ಟು ಹಾಕಿದಾಗ ಮೇಲಿನಿಂದ ಸ್ವಲ್ಪ ಪುಡಿ ಉದುರಿತು. ಅವನು ತಲೆ ಕುಗ್ಗಿಸಿ ಕಣ್ಣು ಮುಚ್ಚಿದ. ಮತ್ತೆ ತೆರೆದು ಇನ್ನೊಂದು ಪೆಟ್ಟು. ದಮಯಂತಿ ಸಡಿಲಾದ ಮಣ್ಣನ್ನು ಕೈಯಿಂದಲೇ ಎಳೆದು ಹಾಕಿದಳು. ಉಗುರು ಕಿತ್ತದ್ದು ಆಮೇಲೆ ಗೊತ್ತಾಯಿತು. ಕಟ್ಟ ನೆಲಮಟ್ಟದವರೆಗೆ ಬಾಯಿ ಬಿಟ್ಟಾಗ ಕಾಲಿನ ಬಳಿ ತಣ್ಣಗೆ ಏನೋ ಹರಿದಂತಾಯಿತು. ಕಣ್ಣಿಗೇನೂ ಕಾಣಲಿಲ್ಲ. ಬೀಪಾತುಮ್ಮ ನೆಲದ ಮೇಲೆ ಹೊತ್ತಿಸಿಟ್ಟ ಗರಿ ಮಾತ್ರ ತಟ್ಟನೆ ನಂದಿತು. ಅವಳು ಚೀರಿ ಹಿಂದೆ ಸರಿದಳು.

“ನಾನು ಹೋಗ್ತೇನೆ,” ಎಂದಳು ದಮಯಂತಿ.

“ನಿಲ್ಲು,” ಎಂದ ಸಮದ್. “ಅವನನ್ನು ಎಳೆಯಲು ನಿನ್ನಿಂದ ಆಗುವುದಿಲ್ಲ.”

ಅವನು ತಲೆಗೆ ಸುತ್ತಿದ್ದ ಮುಂಡಾಸಿನ ಬಟ್ಟೆಯನ್ನು ಬಿಚ್ಚಿ ಬೀಪಾತುಮ್ಮನ ಕೈಗೆ ಕೊಟ್ಟ. ತುಟಿ ಅಲುಗುತ್ತಿತ್ತು. ದೊಡ್ಡದಾಗಿ ಉಸಿರೆಳೆದುಕೊಂಡು, ಬಾಯಿ ಮುಚ್ಚಿ, ಒಳಗೆ ನುಗ್ಗಿದ. ಒಂದು ಭರಣಿ ಉರುಳಿದ ಸದ್ದು. ಮತ್ತೆ ಏನೂ ಇಲ್ಲ. ಇಬ್ಬರೂ ಹೋದರು ಎಂದುಕೊಂಡಳು ದಮಯಂತಿ. ಬೀಪಾತುಮ್ಮ ಅವಳ ತೋಳನ್ನು ಹಿಡಿದ ಹಿಡಿತಕ್ಕೆ ಚರ್ಮ ಕಪ್ಪಿಟ್ಟಿತು.

ಆಗ ಸಮದ್‌ನ ಬೆನ್ನು ಕಂಡಿತು. ಅವನು ಹಿಮ್ಮುಖವಾಗಿ ಬರುತ್ತಿದ್ದ, ಜತ್ತಪ್ಪನ ಎರಡೂ ಕಾಲು ಹಿಡಿದು ಎಳೆಯುತ್ತ. ಹೆಂಗಸರು ಮೂವರೂ ಸೇರಿ ಜತ್ತಪ್ಪನನ್ನು ಹೊರಗೆ, ಇಳಿಜಾರಿನಲ್ಲಿ ಮೇಲಕ್ಕೆ, ಗೇರುಮರದ ಬುಡಕ್ಕೆ ಒಯ್ದರು. ತುಟಿ ಕಪ್ಪಾಗಿತ್ತು. ಸೇಸಮ್ಮ ಅಡಿಕೆ ಹಾಳೆಯಿಂದ ಬೀಸಿದಳು, ದಮಯಂತಿ ಎದೆ ತಿಕ್ಕಿದಳು, ಹೆಸರು ಹಿಡಿದು ಕರೆದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಹಳ ಹೊತ್ತಿನ ಮೇಲೆ ಅವನ ಗಂಟಲಿನಿಂದ ಒಂದು ಕೆಟ್ಟ ಸದ್ದು ಬಂತು. ಮತ್ತೆ ಒಂದು. ಆಮೇಲೆ ವಾಂತಿ ಮಾಡಿಕೊಂಡ.

ಸಮದ್ ಸ್ವಲ್ಪ ದೂರದಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದ.

“ಇದ್ದಿನಬ್ಬನ ಪಿಕ್ಕಾಸು ಅಲ್ಲೇ ಉಂಟು,” ಎಂದ ಹೆಂಡತಿಗೆ. “ಗೋಡೆಗೆ ಒರಗಿಸಿಟ್ಟ ಹಾಗೇ. ತುಕ್ಕು ಹಿಡಿದಿದೆ.”

ಸೇಸಮ್ಮ ಹಾಳೆಯನ್ನು ಕೆಳಗಿಟ್ಟಳು. ಎದ್ದು ಹೋಗಿ ಅವನ ಎದುರು ಕುಳಿತಳು. ಅವನ ಕಾಲಿನ ಮೇಲೆ ಬಿದ್ದಿದ್ದ ಮಣ್ಣನ್ನು ಸೆರಗಿನಿಂದ ಒರೆಸತೊಡಗಿದಳು. “ಬಿಡಿ ಅಮ್ಮಾ, ಬಿಡಿ,” ಎಂದ ಅವನು, ಕಾಲು ಎಳೆದುಕೊಳ್ಳಲಿಲ್ಲ.

ಆ ದಿನ ಮಲಗಿದ ಜತ್ತಪ್ಪ ಮರುದಿನವೂ ಏಳಲಿಲ್ಲ. ತಲೆ ಎತ್ತಿದರೆ ಮನೆ ತಿರುಗುತ್ತದೆ ಎನ್ನುತ್ತಿದ್ದ. ಬೊಬ್ಬೆ ಕೇಳಿ ಆಚೀಚೆ ಮನೆಯವರು ಬಂದು ಹೋಗಿದ್ದರು. ಯಾರಿಗೆ ಏನು ಗೊತ್ತಾಯಿತು, ಯಾರು ಎಲ್ಲಿ ಹೇಳುತ್ತಾರೆ ಎಂದು ಯೋಚಿಸಿ ದಮಯಂತಿಗೆ ಅನ್ನ ಇಳಿಯಲಿಲ್ಲ. ಮಧ್ಯಾಹ್ನ ಬೀಪಾತುಮ್ಮ ಮುರಿದ ಬೇಲಿ ದಾಟಿ ನೇರ ಅಡುಗೆಮನೆಗೆ ಬಂದಳು.

“ಕನ್ಯಾನ ಪೇಟೆಯಲ್ಲಿ ಜೀಪು ಬಂದು ನಿಂತಿದೆಯಂತೆ.”

ದಮಯಂತಿ ಕೈ ತೊಳೆದುಕೊಂಡಳು. ಮಲಗಿದ್ದ ಗಂಡನನ್ನು ಒಮ್ಮೆ ನೋಡಿದಳು. ದೀಪಕ್ಕೆ ಎಣ್ಣೆ ಹಾಕಿ, ಅದನ್ನು ಒಂದು ಕೋಲಿನ ತುದಿಗೆ ಕಟ್ಟಿ, ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಗುಡ್ಡ ಹತ್ತಿದಳು. ಬೀಪಾತುಮ್ಮ ಸುರಂಗದ ಬಾಯಿಯವರೆಗೆ ಬಂದು ನಿಂತಳು. “ನಾನು ಇಲ್ಲಿಂದ ಮಾತಾಡ್ತಾ ಇರ್ತೇನೆ. ನೀನು ಉತ್ತರ ಕೊಡ್ತಾ ಇರು. ಕೊಡದಿದ್ದರೆ ನಮ್ಮವರನ್ನು ಕರೀತೇನೆ.”

ಒಡೆದ ಕಟ್ಟದ ನಡುವೆ ಅವಳು ಒಳಗೆ ಕಾಲಿಟ್ಟಳು. ದೀಪ ಅಲುಗಿತು, ಉರಿಯಿತು. ಇನ್ನೊಂದು ಹೆಜ್ಜೆ. ಉರಿಯಿತು. ಗೋಡೆಯ ತಣ್ಣಗಿನ ಮಣ್ಣು ಎರಡೂ ಭುಜಕ್ಕೆ ತಾಗುತ್ತಿತ್ತು. ಒಳಗಿನ ಕತ್ತಲಲ್ಲಿ ತುಕ್ಕು ಹಿಡಿದ ಪಿಕ್ಕಾಸು ಕಂಡಿತು. ಅವಳು ಅದರಿಂದ ಕಣ್ಣು ಕಿತ್ತುಕೊಂಡಳು.

“ದಮಯಂತೀ, ಇದ್ದಿಯಾ?”

“ಇದ್ದೇನೆ.”

ಮೊದಲ ಭರಣಿಗೆ ಭುಜ ಕೊಟ್ಟು ನೂಕಿದಳು. ಅದು ಜಗ್ಗಲಿಲ್ಲ. ಎರಡನೇ ಸಲ ಕಾಲೂರಿ ನೂಕಿದಾಗ ನಿಧಾನಕ್ಕೆ ವಾಲಿ ಉರುಳಿತು. ಬೆಚ್ಚಗಿನ ರಸ, ಸಿಪ್ಪೆಯೊಡನೆ, ಅವಳ ಕಾಲ ಮೇಲೆ ಹರಿಯಿತು. ಆ ಪರಿಮಳ ಗಂಟಲು ಹಿಡಿಯಿತು. ಮುಂದಿನ ಭರಣಿ. ಅದರ ಮುಂದಿನದು. ಒಂದೊಂದು ಉರುಳಿದಾಗಲೂ ದೀಪವನ್ನು ನೋಡುತ್ತಿದ್ದಳು, ಬೀಪಾತುಮ್ಮ ಕರೆದಾಗಲೆಲ್ಲ ಉತ್ತರ ಕೊಡುತ್ತಿದ್ದಳು. ಕೊನೆಯ ಭರಣಿಯ ಹೊತ್ತಿಗೆ ಜ್ವಾಲೆ ಸಣ್ಣಗಾಗಿ ನೀಲಿಯಾಯಿತು. ಅವಳು ಅದನ್ನು ಅರ್ಧ ಚೆಲ್ಲಿ, ಕೋಲು ಅಲ್ಲೇ ಬಿಸಾಕಿ ಹೊರಗೆ ಓಡಿದಳು.

ರಸ ಅವಳಿಗಿಂತ ಮೊದಲೇ ಇಳಿದಿತ್ತು. ಕಟ್ಟದ ಸೀಳಿನಿಂದ ಹೊರಟು, ಕೆಂಪು ನೆಲದಲ್ಲಿ ಇನ್ನೂ ಕೆಂಪಾಗಿ, ಅಂಗಳದ ತೋಡಿನವರೆಗೆ ಹರಿದಿತ್ತು. ಸೇಸಮ್ಮ ಹಟ್ಟಿಯಿಂದ ಬರುತ್ತಿದ್ದವಳು ಅದನ್ನು ನೋಡಿ, ಕೈಯ ಕೊಡಪಾನ ಕೆಳಗೆ ಬೀಳಿಸಿ, ಮುಖ ಮುಚ್ಚಿಕೊಂಡು ಕುಸಿದಳು. “ರಕ್ತ,” ಎಂದು ಅರಚಿದಳು. “ಸುರಂಗ ರಕ್ತ ಕಾರ್ತಾ ಉಂಟು!”

ದಮಯಂತಿ ಅವಳ ಹತ್ತಿರ ಕುಳಿತು ಎರಡೂ ಕೈ ಹಿಡಿದು ಮುಖದಿಂದ ಬಿಡಿಸಿದಳು. “ವೈನು ಅತ್ತೆ. ನೋಡಿ ಇಲ್ಲಿ, ನನ್ನ ಸೀರೆ ಮೂಸಿ ನೋಡಿ. ಬರೀ ವೈನು. ನಾನೇ ಚೆಲ್ಲಿದ್ದು.” ಹೇಳುವಾಗ ಅವಳ ಹಲ್ಲುಗಳೇ ಕಟಕಟ ಎನ್ನುತ್ತಿದ್ದವು.

ಆಗ ಜೀಪಿನ ಸದ್ದು ಕೇಳಿತು. ಕೆಳಗಿನ ದಾರಿಯ ತಿರುವಿನಲ್ಲಿ ಅದು ಮೆಲ್ಲಗಾಯಿತು. ಮೂವರೂ ಹೆಂಗಸರು ಕದಲಲಿಲ್ಲ. ಗುಡ್ಡವೆಲ್ಲ ದ್ರಾಕ್ಷಿಯ ವಾಸನೆ. ಒಬ್ಬ ಮನುಷ್ಯ ಇಳಿದು ಮೂಗೆತ್ತಿದರೆ ಸಾಕಿತ್ತು. ಗಿಯರು ಬದಲಿಸಿದ ಸದ್ದಾಯಿತು, ಏರು ಹತ್ತಿತು, ಗಡಿಯ ಕಡೆಗೆ ಹೋಯಿತು. ಅದು ಕೇರಳಕ್ಕೆ ಕದ್ದು ಅಕ್ಕಿ ಸಾಗಿಸುವವರನ್ನು ಹಿಡಿಯಲು ಬಂದ ಜೀಪು ಎಂದು ಸಂಜೆ ತಿಳಿಯಿತು.

ಆದರೂ ದಮಯಂತಿಗೆ ನೆಮ್ಮದಿ ಬರಲಿಲ್ಲ. ಚೆಲ್ಲಿದ ಜಾಗಕ್ಕೆ ಜೇನುನೊಣಗಳು, ಕಣಜಗಳು ಮುತ್ತಿದವು. ಬೂದಿ ಎರಚಿದಳು, ಸೆಗಣಿ ನೀರು ಹಾಕಿದಳು. ವಾಸನೆ ಹೋಗಲಿಲ್ಲ. ದಾರಿಯಲ್ಲಿ ಯಾರಾದರೂ ಕೆಮ್ಮಿದರೂ ಬೆಚ್ಚುತ್ತಿದ್ದಳು.

ಜತ್ತಪ್ಪ ಎದ್ದು ಕುಳಿತ ದಿನ, “ಎಲ್ಲ ಚೆಲ್ಲಿದೆಯಾ?” ಎಂದು ಕೇಳಿದ.

“ಚೆಲ್ಲಿದೆ.”

“ಬಣ್ಣ ಹೇಗಿತ್ತು?”

“ನಿಮ್ಮನ್ನು ನೋಡಿದ ಕೂಡಲೇ ನಾನು ಬೊಬ್ಬೆ ಹಾಕಲಿಲ್ಲ,” ಎಂದಳು. “ಜನ ಬರ್ತಾರೆ ಅಂತ ಹೆದರಿದೆ. ಸ್ವಲ್ಪ ಹೊತ್ತು ಬಾಯಿ ಬರಲಿಲ್ಲ. ಅಷ್ಟರಲ್ಲಿ ನೀವು ಹೋಗಿಬಿಟ್ಟಿದ್ದರೆ? ಇನ್ನು ಮುಂದೆ ಬೊಬ್ಬೆ ಹಾಕಲು ಹೆದರಬೇಕಾದ ಯಾವುದನ್ನೂ ಈ ಮನೆಗೆ ತರಬೇಡಿ.”

ಅವನು ಅವಳ ಬಟ್ಟೆ ಕಟ್ಟಿದ ಬೆರಳುಗಳನ್ನು ನೋಡಿದ. ತಲೆ ಆಡಿಸಿದ.

ಕಾರ್ಮಿನ್ ಬಾಯಮ್ಮ ಸುದ್ದಿ ತಿಳಿದು ಬಂಟ್ವಾಳದಿಂದ ಬಸ್ಸು ಹಿಡಿದು ಬಂದಳು. ಜಗಲಿಯಲ್ಲಿ ಕುಳಿತು ಅತ್ತಳು. “ನನ್ನ ಮಗಳ ಮದುವೆಗೆ ಒಂದು ಹೆಣ ಬೀಳುತ್ತಿತ್ತಲ್ಲ ದೇವರೇ,” ಎಂದಳು. ಮದುವೆಯಲ್ಲಿ ಅವರು ನನ್ನಾರಿ ಶರಬತ್ತಿನ ಲೋಟ ಎತ್ತಿದರಂತೆ. ಅವಳಿಂದಲೇ ಮುಂದೆ ಒಂದು ದಾರಿಯೂ ಆಯಿತು. ಪೂಜೆಗೆ ಬೇಕಾದ ವೈನು ಮಾಡಲು ಇಗರ್ಜಿಗೆ ಸರಕಾರದ ಪರವಾನಗಿ ಇತ್ತು. ಅವಳ ಗುರುತಿನ ಒಬ್ಬ ಪಾದ್ರಿಗಳು, ಮುಂದಿನ ವರ್ಷ ಹಣ್ಣನ್ನು ತಾವೇ ತೆಗೆದುಕೊಳ್ಳುವುದಾಗಿ ಹೇಳಿ ಕಳಿಸಿದರು.

ಮೊದಲ ಮಳೆ ಬಿದ್ದು ಗುಡ್ಡದ ಕಲೆ ತೊಳೆದುಹೋಯಿತು. ಅದಕ್ಕೆ ಮೊದಲೇ ಸಮದ್ ಒಂದು ಬೆಳಿಗ್ಗೆ ತಾನಾಗಿ ಬಂದು, ತಮ್ಮನ ಪಿಕ್ಕಾಸನ್ನು ಹೊರಗೆ ತೆಗೆದು, ಸುರಂಗದ ಬಾಯಿಗೆ ಕಲ್ಲು ಕಟ್ಟಿ ಮುಚ್ಚಿದ್ದ. ಸೇಸಮ್ಮ ಅವನಿಗೆ ಕುಡಿಯಲು ಬೆಲ್ಲ ನೀರು ತಂದಿಟ್ಟಳು. ಅವನು ಜಗಲಿಯಲ್ಲಿ ಕುಳಿತು ಕುಡಿದ.

ಜತ್ತಪ್ಪನಿಗೆ ತಲೆನೋವು ಬಿಟ್ಟಿತು, ಹೆದರಿಕೆ ಬಿಡಲಿಲ್ಲ. ಮಳೆಗಾಲವಿಡೀ ಕೋಣೆಯ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಇರಚಲು ಬಂದು ಚಾಪೆ ಒದ್ದೆಯಾದರೂ ಯಾರೂ ಏನೂ ಹೇಳುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಬಿಸಿಲು ಬಂತು. ಬಳ್ಳಿ ಸವರುವ ಕಾಲ. ಅವನು ಏಣಿ ಹಾಕಿ ಚಪ್ಪರದ ಮೇಲೆ ತಲೆ ತೂರಿಸಿದ. ಎಲೆಗಳ ದಟ್ಟಣೆಯೊಳಗೆ ಒಂದು ಕ್ಷಣ ನಿಂತವನು ಕೂಡಲೇ ಕೆಳಗಿಳಿದು, ಏಣಿಗೆ ಒರಗಿ ಉಸಿರಾಡಿದ.

“ಕಡಿದುಹಾಕಲಾ ಇದನ್ನು?” ಎಂದು ಕೇಳಿದ.

“ಬಳ್ಳಿ ಎಂತ ಮಾಡಿತು?” ಎಂದಳು ದಮಯಂತಿ. ಏಣಿಯ ಕಾಲನ್ನು ಹಿಡಿದುಕೊಂಡಳು. “ಹತ್ತಿ. ಕೈಗೆ ಸಿಕ್ಕಷ್ಟು ಸವರಿ ಇಳಿಯಿರಿ. ಮತ್ತೆ ಹತ್ತುವ.”

“ನಿನಗೆ ಒಳಗೆ ಕೆಲಸ ಇಲ್ಲವಾ?”

“ಉಂಟು. ಆಮೇಲೆ ಮಾಡ್ತೇನೆ.”

ಅವನು ಕತ್ತಿ ತೆಗೆದುಕೊಂಡು ಹತ್ತಿದ. ಕಡಿದ ಕಡ್ಡಿಗಳು ಒಂದೊಂದಾಗಿ ಅವಳ ಕಾಲ ಬಳಿ ಬಿದ್ದವು. ಮೇಲಿನಿಂದ ಸ್ವಲ್ಪ ಹೊತ್ತು ಸದ್ದು ನಿಂತರೆ ಅವಳು, “ಇವರೇ?” ಎನ್ನುತ್ತಿದ್ದಳು. “ಇದ್ದೇನೆ,” ಎನ್ನುತ್ತಿದ್ದ ಅವನು.